ಅರ್ಧ ಗಿಟಾರಿನ ಗೆರೆ

ಹಲಗೆಯ ಅಗಲ ಒಂದು ಗೇಣಿಗೆ ಸ್ವಲ್ಪ ಕಡಿಮೆ, ದಪ್ಪ ನನ್ನ ಹೆಬ್ಬೆರಳಿನಷ್ಟು. ಅದರ ಒಂದು ಮೈಯಲ್ಲಿ ನನ್ನ ತಮ್ಮ ಪೆನ್ಸಿಲಿನಿಂದ ಗಿಟಾರಿನ ಆಕಾರ ಬರೆದಿದ್ದ. ಪೂರ್ತಿಯಲ್ಲ, ಅರ್ಧ. ಗೆರೆ ಒಂದು ಅಂಚಿನಿಂದ ಹೊರಟು, ಸೊಂಟದ ಬಳಿ ಒಳಗೆ ಬಾಗಿ, ಮತ್ತೆ ಅದೇ ಅಂಚಿಗೆ ಬಂದು ನಿಲ್ಲುತ್ತಿತ್ತು.

ಅದು ಶೆಟಗೇರಿಯ ನಮ್ಮ ಮನೆಯ ಹಿಂದಿದ್ದ ಇಶಾಡ ಮಾವಿನ ಮರದ್ದು. ಮರ ಗಾಳಿಗೆ ಬಿದ್ದಾಗ, ಕವಲೊಡೆಯುವ ಜಾಗದಿಂದ ಈ ಹಲಗೆಯನ್ನು ಕೊಯ್ಯಿಸಿ ಅವನು ಎತ್ತಿಟ್ಟುಕೊಂಡ. ಬೆಳಕಿಗೆ ಓರೆಯಾಗಿ ಹಿಡಿದರೆ, ನೀರಿಳಿದ ಮೇಲೆ ಮರಳಿನಲ್ಲಿ ಉಳಿಯುವಂಥ ಸಣ್ಣ ಸಣ್ಣ ಅಲೆಗಳು ಅದರಲ್ಲಿ ಕಾಣುತ್ತಿದ್ದವು. ಉಳಿದ ಮರವೆಲ್ಲ ಸೌದೆಯಾಗಿ ಕೊಟ್ಟಿಗೆ ಸೇರಿತು.

"ಒಲೆಗೆ ಹಾಕೂದ ಬಿಟ್ಟು ಅದ್ಕೆ ಎಂತಾ ಆರತಿ ಎತ್ತೂದು?" ಎಂದಳು ಆಯಿ, ನಮ್ಮಮ್ಮ.

"ಇದ ಮುಟ್ಟಿದ್ರೆ ನಿಂಗೆ ಇವತ್ತು ಊಟ ಇಲ್ಲ ನೋಡು, ಆಯಿ," ಎಂದ ತಮ್ಮ.

"ಊಟ ಹಾಕೂದು ನಾನು, ಮಾರಾಯ!"

ಅವನು ದೇವಬಾಗದ ರೆಸಾರ್ಟುಗಳಲ್ಲಿ ಸಂಜೆ ಗಿಟಾರ್ ನುಡಿಸುತ್ತಿದ್ದ, ಬೇರೆಯವರ ಗಿಟಾರ್. ತನ್ನದೇ ಅಳತೆಯ ಎಲೆಕ್ಟ್ರಿಕ್ ಗಿಟಾರಿಗೆಂದು ಶಿರವಾಡದ ಬಡಗಿಯೊಬ್ಬರಲ್ಲಿ ಸಾಗವಾನಿಯ ಮೈ, ಕುತ್ತಿಗೆ ಎರಡನ್ನೂ ಮಾಡಿಸಿಟ್ಟಿದ್ದ. ಮೈಮೇಲಿನ ತೆಳು ಹೊದಿಕೆಗೆ ಈ ಮಾವು. ಇನ್ನೂ ಒಣಗಬೇಕು ಎಂದು ಹಲಗೆಯನ್ನು ಕಾರವಾರದಲ್ಲಿ ನನ್ನ ಮನೆಯ ಕಪಾಟಿನ ಮೇಲಿಟ್ಟು ಹೋದ. "ಬಿಸಿಲಿಗೆ ಇಡಬೇಡ ಅಕ್ಕಾ, ಸೊಟ್ಟ ಆಗ್ತದೆ."

ಅದಾಗಿ ಕೆಲವು ದಿನಕ್ಕೆ ಹೆದ್ದಾರಿಯಲ್ಲಿ ಅಪಘಾತವಾಗಿ ತೀರಿಕೊಂಡ.

ನಮ್ಮಲ್ಲಿ ಚಿತೆಗೆ ಮಾವೇ ಆಗಬೇಕು. "ಒಣಗಿದ ಮಾವಿನ ಕಟ್ಟಿಗೆ ಇದ್ಯಾ?" ಎಂದು ಅಂಗಳದಲ್ಲಿ ಯಾರೋ ಕೇಳಿದರು. ನಾನು ಕೈ ಎತ್ತಿ ಕೊಟ್ಟಿಗೆ ತೋರಿಸಿದೆ. ಯಾವ ಕೈ ಎಂಬುದೂ ನೆನಪಿದೆ, ಎಡಗೈ. ಒಂದೂ ಉಳಿಯದಂತೆ ಹೊತ್ತುಕೊಂಡು ಹೋದರು.

ಕಾರ್ಯಗಳೆಲ್ಲ ಮುಗಿದು ಕಾರವಾರಕ್ಕೆ ಮರಳಿದ ಮೇಲೆ ಹಲಗೆಯನ್ನು ಕೆಳಗಿಳಿಸಿದೆ. ಗೆರೆ ಅರ್ಧವೇ ಇರುವುದು ಕಂಡದ್ದು ಆಗ. ಇನ್ನರ್ಧದ ಹಲಗೆ ಆ ಸೌದೆಯೊಳಗೇ ಇದ್ದಿರಬೇಕು, ನಾನೇ ತೋರಿಸಿ ಸುಡಿಸಿದೆ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ಒಂದು ವರ್ಷ, ರಜೆ ಸಿಕ್ಕಾಗಲೆಲ್ಲ ಅಂಕೋಲಾದ ಸಾಮಿಲ್ಲುಗಳಲ್ಲಿ ಮಾವಿನ ಹಲಗೆಗಳನ್ನು ತಿರುವಿ ನೋಡಿದೆ. ಆ ಅಲೆ ಸಿಗಲಿಲ್ಲ.

ಅವನ ವರ್ಷಾಂತಿಕ ಕಳೆದ ಮೇಲೆ, ಗಿಟಾರಿನ ಮೈ ಇನ್ನೂ ತಮ್ಮಲ್ಲೇ ಇದೆ ಎಂದು ಬಡಗಿ ಹೇಳಿಕಳಿಸಿದರು. ಒಂದು ದಿನ ಮಕ್ಕಳಿಗೆ ಪಾಠ ಮುಗಿಸಿ ಶಾಲೆ ಬಿಟ್ಟವಳೇ ಹಲಗೆಯನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಶಿರವಾಡಕ್ಕೆ ಹೋದೆ.

"ಎಂತಾ ತಂದ್ರಿ ಅಕ್ಕೋರೆ, ಹಪ್ಪಳದ ಮಣೆಯಾ?" ಎಂದು ನಕ್ಕ ಅವರು, ಗೆರೆ ಕಂಡು ನಗು ನಿಲ್ಲಿಸಿದರು. ಇನ್ನರ್ಧ ಸುಟ್ಟುಹೋಯಿತು ಎಂದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅವರು ಹಲಗೆಯನ್ನು ಎತ್ತಿ ಅದರ ಅಂಚನ್ನು ನನ್ನ ಕಡೆ ತಿರುಗಿಸಿದರು. ದಪ್ಪದ ನಟ್ಟನಡುವೆ, ಉದ್ದಕ್ಕೂ, ಇನ್ನೊಂದು ಪೆನ್ಸಿಲ್ ಗೆರೆ. ಅಂಚನ್ನು ನಾನು ಯಾವತ್ತೂ ನೋಡಿರಲಿಲ್ಲ.

"ಸುಟ್ಟದ್ದು ಅಂತ ಯಾರು ಹೇಳಿದ್ರು? ಇನ್ನರ್ಧ ಇದ್ರ ಹೊಟ್ಟೆಲೇ ಅದೆ. ಇಲ್ಲಿ ಸೀಳಿ, ಪುಸ್ತಕ ಬಿಡ್ಸಿದ ಹಾಗೆ ಬಿಡ್ಸೂದು. ಎಡಕ್ಕೂ ಬಲಕ್ಕೂ ಒಂದೇ ಅಲೆ ಬರ್ತದೆ. ದಿನಾ ಪುಸ್ತಕ ಬಿಡ್ಸೋರು ನೀವು, ಇಷ್ಟು ಗೊತ್ತಾಗ್ಲಿಲ್ವಾ?"

ನಾನು ಅಲ್ಲೇ ಮರದ ತುಂಡಿನ ಮೇಲೆ ಕುಳಿತೆ. ತಮ್ಮ ಬರೆದ ಅರ್ಧ ಗಿಟಾರನ್ನು ನೋಡುತ್ತ, "ಈ ಗೆರೆ ಏನಾಗ್ತದೆ?" ಎಂದು ಕೇಳಿದೆ.

"ಕೊಯ್ದ ಮೈ ಮೇಲೆ ಬರ್ತದೆ. ಗೆರೆ ಇದ್ದ ಮೈ ಕೆಳಗೆ, ಅಂಟಿನ ಕಡೆಗೆ. ನಾ ಅಳಿಸೂದಿಲ್ಲ. ಆದ್ರೆ ಮತ್ತೆ ಕಾಣೂದೂ ಇಲ್ಲ. ಕಾಣ್ತಾ ಇರ್ಬೇಕು ಅಂದ್ರೆ ಹಲಗೆನ ಹೀಗೇ ಮನೆಗೆ ತಕಂಡು ಹೋಗಿ." ಅವರು ಚಾ ಕುಡಿದು ಬರುತ್ತೇನೆಂದು ಹೊರಗೆ ಹೋದರು. ಚಾ ಬೇಕಾಗಿರಲಿಲ್ಲ ಎಂದು ನನಗೆ ಗೊತ್ತಿತ್ತು.

ಗೆರೆಯನ್ನು ತುದಿಯಿಂದ ತುದಿಗೆ ನೋಡಿದೆ. ಸೊಂಟದ ತಿರುವಿನಲ್ಲಿ ಅವನು ಎರಡು ಸಲ ಬರೆದಿದ್ದ. ಮೊದಲನೆಯದು ತುಸು ಹೊರಗೆ ಹೋಗಿತ್ತು, ಎರಡನೆಯದು ಸರಿಯಾಗಿತ್ತು.

ಅವರು ಬಂದಾಗ "ಸೀಳಿ" ಎಂದೆ.

ಗರಗಸ ನಿಂತ ಮೇಲೆ ಎರಡೂ ಹಾಳೆಗಳನ್ನು ಬಿಡಿಸಿ ಜೋಡಿಸಿದರು. ಅಲೆಗಳು ನಡುಗೆರೆಯಲ್ಲಿ ಬಂದು ಕೂಡಿದವು. ಅಂಟು ಹಚ್ಚುವ ಮುಂಚೆ ಎಡಗಡೆಯ ಹಾಳೆಯನ್ನು ಮಗುಚಿ ನನ್ನೆದುರು ಹಿಡಿದು, "ಒಂದ್ಸಲ ಮುಟ್ಟಿ ಬೇಕಾದ್ರೆ," ಎಂದರು.

ಮುಟ್ಟಿದರೆ ಪೆನ್ಸಿಲ್ ಬೆರಳಿಗೆ ಹತ್ತುತ್ತದೆ, ಗೆರೆ ಅಷ್ಟು ಕಡಿಮೆಯಾಗುತ್ತದೆ. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ.