ಕತ್ತಿಯ ಮೇಲಿನ ಹಾವು

ಸೇನೆಯ ವೈದ್ಯಾಧಿಕಾರಿಗಳು ಸಮವಸ್ತ್ರದೊಡನೆ ಧರಿಸುತ್ತಿದ್ದ ಕತ್ತಿಗಳನ್ನು ನಾನು ಎಂಬತ್ತರ ದಶಕದಿಂದ ಸಂಗ್ರಹಿಸುತ್ತ ಬಂದವನು. ಗಾಯ ಮಾಡುವ ವಸ್ತುವನ್ನು ಗಾಯ ಕಟ್ಟುವವನ ಸೊಂಟಕ್ಕೆ ಏಕೆ ತೂಗುಹಾಕಿದರು ಎಂಬ ಕುತೂಹಲವೇ ಅದಕ್ಕೆ ಮೂಲ. ಕೊಳ್ಳೇಗಾಲದ ಕತ್ತಿಯನ್ನು ಕಂಡ ವರ್ಷದ ವಿಷಯದಲ್ಲಿ ನನ್ನ ದಿನಚರಿಯೂ ಟಿಪ್ಪಣಿ ಪುಸ್ತಕವೂ ಒಂದನ್ನೊಂದು ಒಪ್ಪುವುದಿಲ್ಲ. ಹಳೆಯ ಪಂಚಾಂಗಗಳೊಡನೆ ತಾಳೆ ನೋಡಿದ ಮೇಲೆ ನಿಶ್ಚಯವಾಗಿ ಹೇಳಬಹುದಾದುದು ಇಷ್ಟೇ: ತೊಂಬತ್ತರ ದಶಕದ ಆರಂಭ, ನಾಗರಪಂಚಮಿಗೆ ಎರಡು ದಿನ ಮುಂಚೆ.

ಹನೂರಿನ ಪರಿಚಿತರೊಬ್ಬರು ಹೇಳಿಕಳುಹಿಸಿದ್ದರು: ಕೊಳ್ಳೇಗಾಲದ ನೇಕಾರರ ಮನೆಯೊಂದರಲ್ಲಿ ಅಂಥ ಕತ್ತಿಯಿದೆ, ಹಬ್ಬದೊಳಗೆ ಅದನ್ನು ಕಾವೇರಿಗೆ ಎಸೆಯಲಿದ್ದಾರೆ. ಯಳಂದೂರಿನಿಂದ ಮೊದಲ ಬಸ್ಸಿಗೇ ಹೊರಟೆ.

ಮನೆಯ ಮಗ ಮಗ್ಗದ ಗುಂಡಿಯಿಂದ ಎದ್ದು ಬಂದು, ಕತ್ತಿಯನ್ನು ಚಾಪೆಯ ಮೇಲಿಟ್ಟ. ಎಪ್ಪತ್ತು ದಾಟಿದ ಅವನ ತಾಯಿ ದೂರವೇ ಕುಳಿತು ಹೇಳಿದರು:

"ನಮ್ಮ ಮಾವ ಮಿಲಿಟ್ರಿ ಆಸ್ಪತ್ರೇಲಿ ಕೆಲ್ಸಕ್ಕಿದ್ರು ಸಾ. ಡಾಕ್ಟ್ರು ದೊರೆ ಊರಿಗೋಗುವಾಗ ಕೊಟ್ಟೋದ್ನಂತೆ. ಮಾವ ಇದ್ರಲ್ಲಿ ನಾಗರಾವು ಕಡ್ದವ್ರೆ. ಕಡ್ದ ಆವೇ ಕತ್ತಿ ಮ್ಯಾಲೆ ಮೂಡ್ಕಂಡದೆ, ನೋಡಿ."

ಅಲಗಿನ ಮೇಲೆ, ಹಿಡಿಯ ಸಮೀಪದಲ್ಲಿ, ಕೋಲಿಗೆ ಸುತ್ತಿಕೊಂಡ ಹಾವು. ಅದರ ಸುತ್ತ ಎಲೆಗಳ ಮಾಲೆ, ಮೇಲೆ ಕಿರೀಟ. ಪ್ರತಿ ಪಂಚಮಿಗೂ ಹಾಲಿನ ತನಿ ಎರೆದೆರೆದು ಅಲಗಿಗೆ ತುಕ್ಕು ಹಿಡಿದಿತ್ತು. ಸೊಸೆಗೆ ಎರಡು ಬಸಿರು ನಿಂತಿರಲಿಲ್ಲ. ಈಗ ಏಳನೆಯ ತಿಂಗಳು. ನಾಗದೋಷವಿರುವ ಮನೆಯಲ್ಲಿ ಬೇಡವೆಂದು ಅವಳನ್ನು ಮೂರು ವಾರಗಳಿಂದ ಎದುರುಮನೆಯಲ್ಲಿ ಮಲಗಿಸುತ್ತಿದ್ದರು.

"ತಕಂಡೋಗಿ ಸಾ, ಒಳೆಗೆ ಆಕೋದು ತಪ್ತದೆ. ನಿಮ್ಮನೇಲಿ ಬಸುರಿ ಎಂಗಸ್ರು ಇದ್ರೆ ಮಾತ್ರ ಬ್ಯಾಡ," ಎಂದರು ತಾಯಿ.

ಸುಮ್ಮನೆ ಕಟ್ಟಿಕೊಂಡು ಹೊರಟಿದ್ದರೆ ಕತ್ತಿ ನನ್ನದಾಗುತ್ತಿತ್ತು. ಅರ್ಧ ನಿಮಿಷ ಹಾಗೆ ಯೋಚಿಸಿದ್ದೂ ನಿಜ. ಆದರೆ ಕತ್ತಿ ಹೋದರೂ ಹಿರಿಯರು ಹಾವು ಕಡಿದರೆಂಬ ಭಯ ಆ ಮನೆಯಲ್ಲೇ ಉಳಿಯುತ್ತಿತ್ತು. ಬೇರೆ ಕತ್ತಿಗಳ ಮೇಲೆ ತೆಳುಕಾಗದ ಹಾಸಿ, ಪೆನ್ಸಿಲ್ ಉಜ್ಜಿ ತೆಗೆದ ಅಚ್ಚುಗಳು ನನ್ನ ಚೀಲದಲ್ಲಿದ್ದವು. ಮೂರನ್ನು ಬಿಡಿಸಿಟ್ಟೆ.

ಮಗ ಬಗ್ಗಿ ನೋಡಿದ. "ಅವ್ವಾ, ಎಲ್ಲಾದ್ರಲ್ಲೂ ಅದೇ ಆವು! ಅಷ್ಟು ಜನ ಡಾಕ್ಟ್ರೂ ಸೂಜಿ ಬುಟ್ಟು ಆವು ಕಡ್ಕಂಡು ತಿರುಗ್ತಿದ್ರಾ?"

"ಬಾಯ್ಮುಚ್ಲಾ. ಅವ್ರು ಯೋಳ್ಲಿ."

ಅದು ವೈದ್ಯರ ಗುರುತೆಂದೂ, ಔಷಧಿ ಅಂಗಡಿಯ ಬೋರ್ಡಿನಲ್ಲೂ ಅದೇ ಹಾವಿದೆಯೆಂದೂ ವಿವರಿಸಿದೆ. ಕಿರೀಟದ ಕೆಳಗೆ ಕೆತ್ತಿದ್ದ ಹೆಸರಿನ ಅಕ್ಷರಗಳು ಮೊದಲ ಮಹಾಯುದ್ಧಕ್ಕಿಂತ ಹಿಂದೆ ಆಳಿದ ಇಂಗ್ಲೆಂಡಿನ ರಾಜನವು. ಆಕೆಯ ಮಾವ ಕೆಲಸಕ್ಕೆ ಸೇರಿದ್ದು ಆ ಯುದ್ಧದ ಕಾಲದಲ್ಲಿ ಎಂದು ಮನೆಯಲ್ಲಿದ್ದ ಹಳೆಯ ಕಾಗದವೇ ಹೇಳುತ್ತಿತ್ತು. ಅವರು ಕತ್ತಿಯನ್ನು ಮುಟ್ಟುವ ಮೊದಲೇ ಹಾವು ಅಲ್ಲಿತ್ತು. ಇಷ್ಟಾದರೂ ಆಕೆಯ ಮುಖ ಸಡಿಲಲಿಲ್ಲ. ಕೊನೆಗೆ ಅಲಗಿನ ಅಂಚಿನ ಮೇಲೆ ಹೆಬ್ಬೆರಳು ಎಳೆದು ತೋರಿಸಿದೆ.

"ಇದು ಸಾಣೆಯನ್ನೇ ಕಂಡಿಲ್ಲ, ಅಮ್ಮ. ಬದನೆಕಾಯಿಯನ್ನೂ ಹೆಚ್ಚಲಾಗದು."

ಆಕೆ ಹತ್ತಿರ ಸರಿದು ತಾವೇ ಬೆರಳು ಎಳೆದರು, ಮತ್ತೊಮ್ಮೆ, ಒತ್ತಿ.

"ಅಂಗಾರೆ ಮಾವ ಕಡ್ದಿಲ್ವಾ?"

"ಇದರಿಂದ ಕಡಿದಿಲ್ಲ."

ಸೆರಗಿನಿಂದ ಮುಖ ಒರೆಸಿಕೊಂಡು, ಬಾಗಿಲ ಕಡೆ ತಿರುಗಿ, ಎದುರುಮನೆಯಲ್ಲಿದ್ದ ಸೊಸೆಗೆ ಕೇಳುವಂತೆ ಕೂಗಿದರು: "ಬಾರವ್ವಾ, ಚಾಪೆ ತಕಂಡು ಬಾ!"

ಕತ್ತಿಯ ಮಾತನ್ನು ನಾನು ಮೆಲ್ಲಗೆ ಎತ್ತಿದೆ. ಆಕೆ ಅದನ್ನು ತಮ್ಮ ಕಡೆಗೆ ಎಳೆದುಕೊಂಡರು. "ಡಾಕ್ಟ್ರ ಕತ್ತಿ ಅಂದ್ರಲ್ಲ ಸಾ. ಎರಿಗೆ ಆಗೋಗಂಟ ಮನೇಲೇ ಇರ್ಲಿ."

ಮಗ ನಕ್ಕ. ನನಗೂ ನಗು ಬಂತು. ಹಾಲು ಬೇಡ, ಎಣ್ಣೆ ಸವರಿ ಎಂದಷ್ಟೇ ಹೇಳಿದೆ. ಅಷ್ಟರಲ್ಲಿ ಸೊಸೆ ಚಾಪೆಯನ್ನು ಕಂಕುಳಲ್ಲಿಟ್ಟುಕೊಂಡು ಹೊಸಿಲಿನಾಚೆ ಬಂದು ನಿಂತಳು. ಅತ್ತೆಯ ಮಡಿಲಲ್ಲಿದ್ದ ಕತ್ತಿಯನ್ನು ಒಂದು ಗಳಿಗೆ ನೋಡಿ, ಒಳಗೆ ಕಾಲಿಟ್ಟಳು.