ಕಡ್ಲೆಯ ವರ್ಷತೊಡಕು

ನಾಗರಬಾವಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲ. ಹೊಲಗಳೆಲ್ಲ ಲೇಔಟ್ ಆಗಿದ್ದರೂ ನಮ್ಮ ಹಳೇ ಊರಿನ ಬೀದಿ ಮಾತ್ರ ಊರಾಗಿಯೇ ಉಳಿದಿತ್ತು. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಹತ್ತು ಮನೆಯವರು ಸೀನುತ್ತಿದ್ದರು. ಆ ಬೀದಿಗೆಲ್ಲ ಸೇರಿ ಇದ್ದದ್ದು ಒಂದೇ ಮುದ್ದಿನ ನಾಯಿ, ನಮ್ಮ ಕಡ್ಲೆ. ಕಡ್ಲೆಕಾಯಿ ಸಿಪ್ಪೆಯ ಬಣ್ಣ, ಬೆಕ್ಕಿನಷ್ಟೇ ಗಾತ್ರ. ಮಲಗುತ್ತಿದ್ದದ್ದು ನಮ್ಮ ಜಗಲಿಯಲ್ಲಾದರೂ ಉಣ್ಣುತ್ತಿದ್ದದ್ದು ಕರೆದವರ ಮನೆಯಲ್ಲಿ.

ಆಗ ನನಗೆ ಒಂಬತ್ತು ವರ್ಷ. ಯುಗಾದಿಯ ಮಾರನೆಯ ದಿನ ನಮ್ಮಲ್ಲಿ ವರ್ಷತೊಡಕು, ಬಾಡೂಟ. ಅವತ್ತು ಏನಾಗುತ್ತದೋ ವರ್ಷವಿಡೀ ಅದೇ ಆಗುತ್ತದೆ ಎಂಬ ನಂಬಿಕೆ. ಬೈಸಿಕೊಂಡರೆ ವರ್ಷವೆಲ್ಲ ಬೈಗುಳ, ಹೊಟ್ಟೆ ತುಂಬ ಉಂಡರೆ ವರ್ಷವೆಲ್ಲ ಊಟ. ಕಡ್ಲೆಯ ಹೊಟ್ಟೆಯೂ ವರ್ಷಪೂರ್ತಿ ತುಂಬಿರಲಿ ಎಂದು, ಹಿಂದಿನ ದಿನದ ಎರಡು ಒಬ್ಬಟ್ಟನ್ನು ಯಾರಿಗೂ ಕಾಣದಂತೆ ಫ್ರಾಕಿನ ಜೇಬಿನಲ್ಲಿ ಒಯ್ದು ತಿನ್ನಿಸಿದೆ. ಭಾರೀ ಪುಣ್ಯ ಕಟ್ಟಿಕೊಂಡೆನೆಂದು ಬೀಗಿದ್ದೇ ಬೀಗಿದ್ದು.

ಸಂಜೆಗೆ ಕಡ್ಲೆ ವಾಂತಿ ಮಾಡಿದ. ಆಮೇಲೆ ಭೇದಿ. ಜಗಲಿಯೆಲ್ಲ ಫಿನಾಯಿಲ್ ವಾಸನೆ. ಮರುದಿನ ಹಾಲಿಟ್ಟರೆ ಮುಖ ತಿರುಗಿಸಿದ. ಅವನ ಪ್ರಾಣವಾಗಿದ್ದ ಬನ್ನನ್ನೂ ಮೂಸಲಿಲ್ಲ. ಅಜ್ಜಿ, "ದೃಷ್ಟಿ ಆಗೈತೆ" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಓಂಕಾಳಿನ ಕಷಾಯ ಕುಡಿಸಲು ಹೋಗಿ ಸೀರೆಯ ಮೇಲೆಲ್ಲ ಉಗಿಸಿಕೊಂಡಳು.

ನನ್ನ ಸಂಕಟವೇ ಬೇರೆ. ವರ್ಷತೊಡಕಿನ ದಿನವೇ ಕಾಯಿಲೆ ಬಿದ್ದವನು ಇನ್ನು ವರ್ಷವಿಡೀ ಉಣ್ಣದೆ ಬದುಕುವುದು ಹೇಗೆ? ಮೂರನೆಯ ದಿನ ಬೆಳಿಗ್ಗೆ ಅವನ ಪಕ್ಕೆಲುಬುಗಳನ್ನು ಎಣಿಸಬಹುದಿತ್ತು. ಅಪ್ಪ ಅವನನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡರು. ಅಜ್ಜಿ, ನಾನು, ಎದುರುಮನೆಯ ಜಯಮ್ಮ ಆಂಟಿ ಎಲ್ಲ ಒಂದೇ ಆಟೋದಲ್ಲಿ ತುರುಕಿಕೊಂಡು ಪಶು ಆಸ್ಪತ್ರೆಗೆ ಹೋದೆವು.

"ಏನ್ ತಿನ್ಸಿದ್ರಿ?" ಡಾಕ್ಟರು ಕೇಳಿದರು.

"ಏನಿಲ್ಲ ಸಾರ್, ದಿನಾ ಹಾಕೋದೇ," ಅಂದರು ಅಪ್ಪ.

ಡಾಕ್ಟರು ಹೊಟ್ಟೆ ಒತ್ತಿದರು. ಕಡ್ಲೆ ಕುಂಯ್ ಅಂದ. ಅಷ್ಟಕ್ಕೇ ನನ್ನ ಧೈರ್ಯ ಮುಗಿಯಿತು. "ನಾನು ಎರಡು ಒಬ್ಬಟ್ಟು ಕೊಟ್ಟೆ," ಎಂದು ಅತ್ತುಬಿಟ್ಟೆ.

ಅಪ್ಪ ನನ್ನ ಕಡೆ ತಿರುಗಿದರು. ಬೈಯುತ್ತಾರೆಂದುಕೊಂಡೆ. ಅವರು ಕೆಮ್ಮಿ, "ನಾನೂ ಒಂದೆರಡು ಮೂಳೆ ಹಾಕ್ದೆ ಸಾರ್," ಅಂದರು.

"ನಾನು ಬೋಟಿ ಗೊಜ್ಜಲ್ಲಿ ಮುದ್ದೆ ಕಲ್ಸಿಟ್ಟಿದ್ದೆ," ಜಯಮ್ಮ ಆಂಟಿ ಸೆರಗಿನ ತುದಿ ತಿರುಚಿದರು. "ವರ್ಷದ ತೊಡ್ಕಲ್ವಾ ಸಾರ್, ಹಸ್ಕೊಂಡಿರಬಾರ್ದು ಅಂತ."

ಎಲ್ಲರೂ ಅಜ್ಜಿಯನ್ನು ನೋಡಿದೆವು. "ನಂದೇನೂ ಇಲ್ಲಪ್ಪ," ಅಂದಳು. ಆಮೇಲೆ ಕಡ್ಲೆಯ ತಲೆ ಸವರುತ್ತ, "ಒಬ್ಬಟ್ಟು ತುಪ್ಪ ಅಷ್ಟೇ. ಮೂರೇ ಮೂರು."

ಡಾಕ್ಟರು ಕನ್ನಡಕ ತೆಗೆದರು. "ಅಮ್ಮ, ಮೂರು ಕೆಜಿ ನಾಯಿ ಇದು. ನಿಮ್ ಬೀದಿ ಹಬ್ಬ ಪೂರ್ತಿ ಇದ್ರ ಹೊಟ್ಟೇಲಿದೆ." ಇಂಜೆಕ್ಷನ್, ಡ್ರಿಪ್ ಎಲ್ಲ ಆಯಿತು. ತೆಳ್ಳನೆಯ ಅನ್ನದ ಗಂಜಿ ಬಿಟ್ಟು ಏನೂ ಕೊಡಬೇಡಿ, ನಾಳೆಯೊಳಗೆ ತಾನಾಗಿ ನೆಕ್ಕಿದರೆ ಉಳಿಯುತ್ತಾನೆ ಎಂದರು. ಅಪ್ಪ ಅವನನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡರು.

ಮಾರನೆಯ ಬೆಳಿಗ್ಗೆ ಅಜ್ಜಿ ಗಂಜಿಯ ಬಟ್ಟಲು ಹಿಡಿದು ಜಗಲಿಯಲ್ಲಿ ಕುಳಿತಳು. ನಾನು ಮೆಲ್ಲಗೆ ಕೇಳಿದೆ, "ಅಜ್ಜಿ, ತೊಡ್ಕಿನ ದಿನಾನೇ ಹಿಂಗಾಯ್ತಲ್ಲ. ವರ್ಷಪೂರ್ತಿ ಹಿಂಗೇನಾ?"

ಅಜ್ಜಿ ತನ್ನ ಜನ್ಮದಲ್ಲಿ ಆ ನಂಬಿಕೆಯನ್ನು ಒಂದು ಸಲವೂ ಮೀರಿದವಳಲ್ಲ. "ಹೋಗೇ, ನಾಯಿಗೆ ಯಾವ ಪಂಚಾಂಗ," ಅಂದಳು. ಬೆರಳನ್ನು ಗಂಜಿಗೆ ಅದ್ದಿ ಅವನ ಮೂಗಿನ ಹತ್ತಿರ ಹಿಡಿದಳು. ಹಾಗೇ ಹಿಡಿದೇ ಇದ್ದಳು. ಕೊನೆಗೆ ಕಡ್ಲೆ ನಾಲಿಗೆ ಚಾಚಿ ಒಂದು ಸಲ ನೆಕ್ಕಿದ. ಆಮೇಲೆ ಇನ್ನೊಂದು ಸಲ. ನನಗಾದ ಸಂತೋಷಕ್ಕೆ ಅವನನ್ನು ಅಪ್ಪಿಕೊಳ್ಳಲು ಹೋಗಿ ಬಟ್ಟಲನ್ನೇ ಉರುಳಿಸಿದೆ. ಅಜ್ಜಿ ಬೈಯಲಿಲ್ಲ, ಅಳುತ್ತಿದ್ದಳು.

ಕಡ್ಲೆ ಮತ್ತೆ ಹನ್ನೊಂದು ಯುಗಾದಿ ಕಂಡ. ಈಗ ಅವನೂ ಇಲ್ಲ, ಅಜ್ಜಿಯೂ ಇಲ್ಲ. ಬೀದಿಯ ಮನೆಗಳೆಲ್ಲ ನಾಲ್ಕಂತಸ್ತಾಗಿ ಬಾಡಿಗೆಗೆ ಹೋಗಿವೆ. ನಾನಿರುವ ಬಸವೇಶ್ವರನಗರದ ಅಪಾರ್ಟ್‌ಮೆಂಟಿನಲ್ಲಿ ನನ್ನದೂ ಒಂದು ಪುಟ್ಟ ನಾಯಿ ಇದೆ. ದಿನಕ್ಕೆರಡು ಸಲ ಪ್ಯಾಕೆಟ್ಟಿನ ಊಟ, ಅಳತೆಯ ಕಪ್ಪಿನಲ್ಲಿ. ಅಕ್ಕಪಕ್ಕದವರಿಗೆ ಅದರ ಹೆಸರು ಗೊತ್ತಿಲ್ಲ, ಹಬ್ಬದ ದಿನವೂ ಯಾರೂ ಬಾಗಿಲು ತೆರೆದು ಕರೆಯುವುದಿಲ್ಲ. ಇಷ್ಟು ವರ್ಷಗಳಲ್ಲಿ ಅದರ ಹೊಟ್ಟೆ ಒಮ್ಮೆಯೂ ಕೆಟ್ಟಿಲ್ಲ. ಕೆಡಿಸಲಿಕ್ಕೂ ನಾಲ್ಕು ಜನ ಬೇಕಲ್ಲ.