ಬೂತಾಯಿ ಮುಳ್ಳಿನ ತೂಕ

ಉರಾಸೆ ಊರಿನ ಶಾಲೆಯ ಅಡುಗೆಮನೆಯಲ್ಲಿ ತೊಮೊಯೆಗೆ ಇದು ಇಪ್ಪತ್ತೇಳನೆಯ ವರ್ಷ. ಬೆಳಿಗ್ಗೆ ಏಳಕ್ಕೆ ಬಂದು, ಬಿಳಿ ಅಂಗಿ ತೊಟ್ಟು, ಬಾಯಿಗೆ ಬಟ್ಟೆ ಕಟ್ಟಿ, ಕೂದಲೊಂದೂ ಕಾಣದಂತೆ ಟೋಪಿ ಎಳೆದುಕೊಂಡರೆ ಮಕ್ಕಳಿಗೆ ಕಾಣುವುದು ಅವಳ ಕಣ್ಣೆರಡೇ. ಆದರೂ ಅಂಗಡಿ ಬೀದಿಯಲ್ಲಿ ಎದುರಾದರೆ ಗುರುತು ಹಿಡಿದು "ಊಟದತ್ತೆ!" ಎಂದು ಕೂಗುತ್ತವೆ. ನೆರೆಗೂದಲು ಇಣುಕುತ್ತಿರುವ ಮೀನುಗಾರರೂ ದೋಣಿಯಿಂದ ಹಾಗೇ ಕೂಗುತ್ತಾರೆ. ಅವರೂ ಅವಳ ಕೈಯಡುಗೆ ಉಂಡು ಬೆಳೆದವರೇ.

ಬಂದರಿನಲ್ಲಿ ಬೂತಾಯಿ ಗುಡ್ಡೆಗುಡ್ಡೆಯಾಗಿ ಬೀಳುವ ಊರಿದು. ಆ ಊರಿನ ಮಕ್ಕಳ ತಟ್ಟೆಗೆ ಮೀನು ಬೀಳುವುದು ಮಾತ್ರ ವಾರಕ್ಕೊಮ್ಮೆ, ಬುಧವಾರ. ಮಿಕ್ಕ ದಿನ ಕೋಳಿ, ಮೊಟ್ಟೆ, ಹಂದಿಮಾಂಸ. ಆ ಒಂದು ಬುಧವಾರವನ್ನೂ ಕಿತ್ತುಹಾಕುವ ಮಾತು ಫೆಬ್ರವರಿಯಲ್ಲಿ ಬಂತು.

ಮಾತು ತಂದವರು ಪೌಷ್ಟಿಕಾಂಶದ ಮೇಷ್ಟ್ರು ನುಮಾತಾ. ವಾರದ ಊಟದ ಪಟ್ಟಿ ಬರೆಯುವವರು ಅವರೇ. ವಯಸ್ಸು ಇಪ್ಪತ್ತೊಂಬತ್ತು, ಪಟ್ಟಣದಲ್ಲಿ ಓದಿದವರು, ಕೆಟ್ಟವರಲ್ಲ. ಕೈಯಲ್ಲಿ ಒಂದು ಹಾಳೆ ಹಿಡಿದು, ಬಿಳಿ ಅಂಗಿಯಿಲ್ಲದವರಿಗೆಂದು ಎಳೆದ ಅಡುಗೆಮನೆಯ ಗೆರೆ ದಾಟದೆ ಬಾಗಿಲಲ್ಲೇ ನಿಂತರು.

"ತೊಮೊಯೆ-ಸಾನ್, ಶುಕ್ರವಾರ ಶಿಕ್ಷಣ ಸಮಿತಿ ಸೇರುತ್ತೆ. ಏಪ್ರಿಲ್‌ನಿಂದ ಬುಧವಾರಾನೂ ಕೋಳಿ ಮಾಡೋಣ ಅಂತಿದಾರೆ."

"ಯಾಕಂತೆ? ಕೋಳೀಲಿ ಇಲ್ಲದ್ದು ಮೀನಲ್ಲಿ ಏನೂ ಇಲ್ವಂತಾ?"

"ಇದೆ, ಬೇಕಾದಷ್ಟಿದೆ." ಮೇಷ್ಟ್ರು ಹಾಳೆ ತಿರುಗಿಸಿ ತೋರಿಸಿದರು. "ನೂರು ಗ್ರಾಂ ಕೋಳಿ ಎದೆಮಾಂಸದಲ್ಲಿ ಪ್ರೋಟೀನ್ ಇಪ್ಪತ್ಮೂರು ಗ್ರಾಂ, ಬೂತಾಯೀಲಿ ಹತ್ತೊಂಬತ್ತು. ಅಲ್ಲಿ ಕೋಳೀದೇ ಒಂದು ಕೈ ಮೇಲು. ಕೊಬ್ಬೂ ಕಡಿಮೆ. ಆದ್ರೆ ಮೂಳೆ ಗಟ್ಟಿ ಮಾಡೋ ವಿಟಮಿನ್ ಡಿ ಕೋಳೀಲಿ ಇಲ್ಲ ಅಂತ್ಲೇ ಅನ್ನಿ, ಬೂತಾಯೀಲಿ ಬಂಡಿ ಬಂಡಿ. ಸುಣ್ಣದಂಶ ಕೋಳೀಲಿ ಐದು ಮಿಲಿಗ್ರಾಂ ಆದ್ರೆ ಬೂತಾಯೀಲಿ ಎಪ್ಪತ್ತು. ಕಬ್ಬಿಣಾಂಶಾನೂ ಹಾಗೇ. ಮಿದುಳಿಗೆ, ಹೃದಯಕ್ಕೆ ಒಳ್ಳೇದು ಅಂತಾರಲ್ಲ ಆ ಮೀನೆಣ್ಣೆ, ಅದಂತೂ ಕೋಳೀಲಿ ಹುಡುಕಬೇಕು."

"ಮತ್ತಿನ್ನೇನು?"

"ಕಾಗದದ ಮೇಲೆ ಮೀನು ಗೆಲ್ಲುತ್ತೆ, ಮಿಕ್ಕಿದ್ದರ ಬಕೆಟ್‌ನಲ್ಲಿ ಸೋಲುತ್ತೆ. ಕೋಳಿ ದಿನ ವಾಪಸ್ ಬರೋದು ಒಂದು ಕೆ.ಜಿ. ಮುನ್ನೂರು. ಬೂತಾಯಿ ದಿನ ನಾಲ್ಕು ಕೆ.ಜಿ. ಮಕ್ಕಳ ಹೊಟ್ಟೆಗೆ ಹೋಗದ ಪೌಷ್ಟಿಕಾಂಶ ಇದ್ದರೆಷ್ಟು, ಬಿಟ್ಟರೆಷ್ಟು? ನೀವೇ ಬರೆದಿರೋ ಅಂಕಿ ಇವು."

ನಿಜವೇ. ಅಕ್ಷರ ಅವಳದೇ. ಮಧ್ಯಾಹ್ನ ತರಗತಿಗಳಿಂದ ಬಕೆಟ್‌ಗಳು ಮರಳಿ ಬಂದ ಮೇಲೆ ಮಿಕ್ಕಿದ್ದನ್ನು ತೂಗಿ ಗೋಡೆಯ ಹಾಳೆಯಲ್ಲಿ ಬರೆಯುವುದು ದಿನದ ಕೊನೆಯ ಕೆಲಸ. ಮಳೆ ಬರಲಿ, ಮೈಗೆ ಜ್ವರ ಬರಲಿ, ಇಪ್ಪತ್ತೇಳು ವರ್ಷದಲ್ಲಿ ಅವಳು ತೂಗದ ದಿನವಿಲ್ಲ.

ಸಂಜೆ ಊಟಕ್ಕೆ ಕೂತಾಗ ಗಂಡ ಗೆಂಜಿರೊನಿಗೆ ಹೇಳಿದಳು. ಅವನದು ಲಾರಿಯ ಕೆಲಸ. ಬಂದರಿನಲ್ಲಿ ಕೊಳ್ಳುವವರಿಲ್ಲದೆ ಉಳಿದ ಬೂತಾಯಿಯನ್ನು ಮೀನುಹುಡಿಯ ಕಾರ್ಖಾನೆಗೆ ಸಾಗಿಸುತ್ತಾನೆ. ಹುಡಿ ಅಲ್ಲಿಂದ ಕೋಳಿಸಾಕಣೆಯವರಿಗೆ ಹೋಗುತ್ತದೆ.

ಗೆಂಜಿರೊ ಸೂಪಿನ ಬಟ್ಟಲು ಕೆಳಗಿಟ್ಟು ನಕ್ಕ. "ಅಲ್ವೇ, ನಮ್ಮೂರ ಬೂತಾಯಿ ನನ್ನ ಲಾರೀಲಿ ಹೋಗಿ ಕೋಳಿ ಹೊಟ್ಟೆ ಸೇರುತ್ತೆ. ಆ ಕೋಳಿ ಐಸ್ ಲಾರೀಲಿ ಬಂದು ನಿನ್ನ ಬಾಣಲೆ ಸೇರುತ್ತೆ. ಮಕ್ಕಳಿಗೆ ನೆಟ್ಟಗೆ ಮೀನೇ ಕೊಟ್ಟಿದ್ರೆ ಇಷ್ಟು ಜನಕ್ಕೆ ಕೆಲ್ಸ ಎಲ್ಲಿರ್ತಿತ್ತು ಹೇಳು!"

"ನಗಬೇಡ. ಕೋಳಿಗೆ ಒಳ್ಳೇದು ಅಂತ ಗೊತ್ತು ಎಲ್ರಿಗೂ. ಮಕ್ಕಳಿಗೆ ಅಂದ್ರೆ ಮಾತ್ರ ಸಮಿತಿ ಕೂರಬೇಕು."

ಹಾಗೆಂದು ಅವಳೇನು ಕೋಳಿಯ ಶತ್ರುವಲ್ಲ. ಅಪ್ಪ ಬಲೆ ಎಳೆಯುತ್ತಿದ್ದ ಮನೆಯಲ್ಲಿ ಹುಟ್ಟಿ, ಬೆಳಿಗ್ಗೆ ಬೂತಾಯಿ, ರಾತ್ರಿ ಬೂತಾಯಿ, ಬಿಸಿಲಲ್ಲಿ ಒಣಗಿದ ಬೂತಾಯಿ ಉಂಡು ಬೆಳೆದವಳು. ಮೊಟ್ಟೆಯಿಡುವುದು ನಿಲ್ಲಿಸಿದ ಹೇಂಟೆಯೊಂದು ಹೊಸವರ್ಷಕ್ಕೆ ಸಾರಾಗುತ್ತಿತ್ತು. ಆ ಒಂದು ದಿನಕ್ಕಾಗಿ ವರ್ಷವಿಡೀ ಬಾಯಲ್ಲಿ ನೀರೂರಿಸಿಕೊಂಡು ಕಾಯುತ್ತಿದ್ದಳು. ಈಗಿನ ಮಕ್ಕಳು ಕರಿದ ಕೋಳಿ ಎಂದರೆ ಕುಣಿಯುವುದನ್ನು ಕಂಡು ಅವಳಿಗೆಂದೂ ಸಿಟ್ಟು ಬಂದಿಲ್ಲ. ಆದರೆ ಬುಧವಾರವೂ ಹೋದರೆ ಈ ಮಕ್ಕಳಿಗೆ ಮೀನೆಂದರೆ ಅಪ್ಪನ ರಬ್ಬರ್ ಬೂಟಿನ ವಾಸನೆ, ಅಷ್ಟೇ. ಮುಳ್ಳು ಬಿಡಿಸುವುದನ್ನು ಅವಕ್ಕೆ ಇನ್ನು ಯಾರು ಕಲಿಸಬೇಕು? ಅಮ್ಮಂದಿರು ಮೀನು ಹಸನು ಮಾಡುವ ಶೆಡ್ಡಿನಿಂದ ಸೋತು ಬಂದು ಮನೆಯಲ್ಲೂ ಕೋಳಿಯನ್ನೇ ಕರಿಯುತ್ತಾರೆ. ಅವರನ್ನು ದೂರಿ ಪುಣ್ಯ ಕಟ್ಟಿಕೊಳ್ಳುವವರು ಒಂದು ದಿನ ಆ ಶೆಡ್ಡಿನ ತಣ್ಣೀರಿನಲ್ಲಿ ಕೈಯಿಟ್ಟು ನೋಡಲಿ.

ಮರುದಿನ ಬುಧವಾರ. ತಲೆ ಸಮೇತ ಇಡೀ ಬೂತಾಯಿ, ಉಪ್ಪು ಹಚ್ಚಿ ಸುಟ್ಟದ್ದು, ತಲೆಗೊಂದು. ಹನ್ನೊಂದೂವರೆಗೆ ಮೊದಲ ತಟ್ಟೆ ಹೆಡ್ ಮೇಷ್ಟ್ರಿಗೆ. ಅದು ಕಟ್ಟಳೆ. ಅವರು ಉಂಡು ಅರ್ಧ ಗಂಟೆ ನೆಟ್ಟಗಿದ್ದರೆ ಮಾತ್ರ ಮಕ್ಕಳಿಗೆ ಬಡಿಸುವುದು. ಅವರು ನೆಟ್ಟಗಿದ್ದರು. ಒಂದೂವರೆಗೆ ಬಕೆಟ್‌ಗಳು ಸಾಲಾಗಿ ಮರಳಿ ಬಂದವು.

ಜೊತೆಗೆಲಸದ ಫುಕಿ ತೂಕದ ಯಂತ್ರ ಎಳೆದು ತಂದಳು. ತೊಮೊಯೆಗಿಂತ ಹತ್ತು ವರ್ಷ ಚಿಕ್ಕವಳು, ಬಾಯಿ ಮಾತ್ರ ಹತ್ತು ವರ್ಷ ದೊಡ್ಡದು.

"ಇಡು ಅಕ್ಕ ಬೇಗ. ನಾಳಿದ್ದು ಹೇಗೂ ಮೀನಿನ ತಿಥಿ, ಕೊನೇ ತೂಕ ಚೆನ್ನಾಗಿ ನೋಡ್ಬಿಡೋಣ."

ತೊಮೊಯೆ ಆರನೇ ತರಗತಿಯ ಬಕೆಟ್ ಎತ್ತಿದವಳು ಹಾಗೇ ನಿಂತಳು. ಒಳಗೆ ತಲೆಗಳು ಒಂದು ಕಡೆ, ಬೆನ್ನುಮೂಳೆಗಳು ಒಂದು ಕಡೆ. ಒಂದೊಂದೂ ಹೊಸ ಬಾಚಣಿಗೆಯ ಹಾಗೆ ಚೊಕ್ಕಟ. ಊಟದ ಕಡ್ಡಿಯ ತುದಿಯಲ್ಲಿ ಬಿಡಿಸಿ ಬಿಡಿಸಿ ತಿಂದಿದ್ದರು ಮಕ್ಕಳು. ಬೆಕ್ಕು ಬಂದರೂ ನಿರಾಸೆಯಿಂದ ಮರಳಬೇಕು.

"ಫುಕಿ, ಇದ್ರಲ್ಲಿ ತಿನ್ನೋಕೆ ಏನು ಉಳಿದಿದೆ?"

"ಏನಿದೆ? ಮುಳ್ಳು."

"ಮುಳ್ಳನ್ನ ನಾವು ಯಾಕೆ ತೂಗ್ತೀವಿ?"

"ಬಕೆಟ್‌ನಲ್ಲಿ ಬಂದಿದ್ದೆಲ್ಲ ತೂಗು ಅಂತ ನೀನೇ ತಾನೇ ನಂಗೆ ಹೇಳ್ಕೊಟ್ಟಿದ್ದು?"

ಹೌದು. ತೊಮೊಯೆಗೆ ಹಾಗೆ ಹೇಳಿಕೊಟ್ಟವರು ಅವಳಿಗಿಂತ ಮುಂಚಿನವರು. ಆಗ ಬೆಟ್ಟದ ಬುಡದಲ್ಲಿ ಹಂದಿ ಸಾಕುವ ಮುದುಕನೊಬ್ಬನಿದ್ದ. ಮಿಕ್ಕಿದ್ದೆಲ್ಲ ಅವನ ಹಂದಿಗಳಿಗೆ. ಎಷ್ಟು ಡಬ್ಬಿ ತರಬೇಕೆಂದು ಅವನಿಗೆ ತಿಳಿಯಲೆಂದೇ ಆ ತೂಕ ಶುರುವಾಗಿದ್ದು. ಹಂದಿಗೆ ಮುಳ್ಳೇನು, ತಿರುಳೇನು? ಮುದುಕ ಸತ್ತ, ಹಂದಿಗೂಡು ಪೊದೆಯಾಯಿತು, ತೂಕ ಉಳಿಯಿತು. ಹಂದಿಯ ಸಲುವಾಗಿ ಹುಟ್ಟಿದ ಅಂಕಿಯನ್ನು ಮೇಲಿನವರು ಮಕ್ಕಳ ನಾಲಗೆಯ ರುಚಿಯೆಂದು ಓದತೊಡಗಿದರು. ಕೋಳಿಯದು ಮೂಳೆ ತೆಗೆದ ತುಂಡು, ಅದರಲ್ಲಿ ಬಿಸಾಡುವ ಭಾಗವೇ ಇಲ್ಲ. ಬೂತಾಯಿ ಮಾತ್ರ ಪ್ರತಿ ಸಲವೂ ತಲೆ, ಬೆನ್ನು ಹೊತ್ತು ಬಂದು ತಕ್ಕಡಿಯಲ್ಲಿ ತಪ್ಪಿತಸ್ಥನ ಹಾಗೆ ಕೂರುತ್ತಿತ್ತು. ಬಕೆಟ್‌ನೊಳಗೆ ಒಮ್ಮೆ ಇಣುಕಿ ನೋಡುವ ಕೆಲಸವನ್ನು ಯಾವ ಸಮಿತಿಯೂ ಮಾಡಲಿಲ್ಲ. ದಿನಾ ಇಣುಕಿದವಳೂ ನೋಡಲಿಲ್ಲ. ಅದೇ ಅವಳ ಎದೆಗೆ ಚುಚ್ಚಿದ್ದು.

ಇಬ್ಬರೂ ಮಣೆ ಹಾಕಿ ಕೂತು ಎಲ್ಲ ಬಕೆಟ್‌ಗಳನ್ನೂ ಕೈಯಿಂದ ಬೇರ್ಪಡಿಸಿದರು. ತಲೆ ಮತ್ತು ಮುಳ್ಳು ಮೂರು ಕೆ.ಜಿ. ನೂರು. ತಿನ್ನಬಹುದಾಗಿದ್ದು ಒಂಬೈನೂರು ಗ್ರಾಂ. ಕೋಳಿ ದಿನಕ್ಕಿಂತ ಕಡಿಮೆ.

ಫುಕಿ ಚಪ್ಪಾಳೆ ತಟ್ಟಿದಳು. "ಗೆದ್ದೆ ಅಕ್ಕ! ಶುಕ್ರವಾರ ಇದನ್ನ ಅವರ ಮುಖಕ್ಕೆ ಹಿಡಿ."

ತೊಮೊಯೆ ಹಾಳೆಗಳನ್ನು ಹಿಂದಕ್ಕೆ ಮಗುಚುತ್ತಿದ್ದಳು. "ಇಲ್ನೋಡು. ಜನವರೀಲಿ ಬಂಗುಡೆ, ಸೋಯಾ ಮಿಸೊ ಹಾಕಿ ಬೇಯಿಸಿದ್ದು. ಅದ್ರಲ್ಲಿ ಮುಳ್ಳು ತೆಗೆದಿದ್ವಿ. ಆದ್ರೂ ಎರಡು ಕೆ.ಜಿ. ಇನ್ನೂರು ವಾಪಸ್. ಅದನ್ನ ಮಕ್ಕಳು ನಿಜವಾಗ್ಲೂ ಬಿಟ್ಟಿವೆ."

"ಅದನ್ನ ಯಾಕೆ ಹೇಳೋಕೆ ಹೋಗ್ತೀಯ? ಯಾರು ಕೇಳಿದಾರೆ?"

"ಹೇಳ್ದಿದ್ರೆ ಅವರ ಅಂಕಿಗೂ ನನ್ನ ಅಂಕಿಗೂ ಏನೇ ವ್ಯತ್ಯಾಸ?"

"ಸರಿ ಹೋಯ್ತು. ಮೀನು ಉಳಿಸೋಕೆ ಹೋಗಿ ನೀನೇ ಅದರ ಕತ್ತು ಕುಯ್ತೀಯ ಬಿಡು."

ಶುಕ್ರವಾರ ಪುರಸಭೆಯ ಮಹಡಿಯ ಕೋಣೆಯಲ್ಲಿ ಆರು ಜನ ಕೂತಿದ್ದರು. ಅಡುಗೆಯವಳನ್ನು ಸಮಿತಿಗೆ ಕರೆಯುವ ಪದ್ಧತಿಯಿಲ್ಲ. ನುಮಾತಾ ಮೇಷ್ಟ್ರು ಅಧ್ಯಕ್ಷರನ್ನು ಬೇಡಿಕೊಂಡು ಹತ್ತು ನಿಮಿಷ ಕೊಡಿಸಿದ್ದರು. ಅವಳು ಮೊದಲು ಸೊಂಟ ಬಾಗಿಸಿ ನಮಸ್ಕರಿಸಿ, ಹಾಗೇ ಬಾಗಿದ್ದುಕೊಂಡೇ ಹೇಳಿದಳು:

"ತಪ್ಪು ನಂದು. ಇಪ್ಪತ್ತೇಳು ವರ್ಷದಿಂದ ಮುಳ್ಳನ್ನ ಊಟ ಅಂತ ತೂಗಿ ಬರ್ದಿದೀನಿ. ಕ್ಷಮಿಸಬೇಕು."

ಆಮೇಲೆ ನೆಟ್ಟಗಾಗಿ ಎರಡು ಪಾರದರ್ಶಕ ಡಬ್ಬಿಗಳನ್ನು ಮೇಜಿನ ಮೇಲಿಟ್ಟಳು. ಒಂದರಲ್ಲಿ ತೊಳೆದು ಒಣಗಿಸಿದ ಮುಳ್ಳು. ಇನ್ನೊಂದರಲ್ಲಿ ಏನೂ ಇರಲಿಲ್ಲ. ಆ ಖಾಲಿ ಡಬ್ಬಿ ಮಕ್ಕಳು ತಿಂದು ಮುಗಿಸಿದ ಮೀನಿನದು ಎಂದಳು. ಬೂತಾಯಿಯಲ್ಲಿ ನಿಜವಾಗಿ ಮಿಕ್ಕಿದ ಒಂಬೈನೂರು ಗ್ರಾಂ ಹೇಳಿ, ಬಂಗುಡೆಯ ಎರಡು ಕೆ.ಜಿ. ಇನ್ನೂರನ್ನೂ ಹೇಳಿದಳು. ಅದಕ್ಕೆ ಕಾರಣವನ್ನೂ ಮುಚ್ಚಿಡಲಿಲ್ಲ: ಐಸಿನಲ್ಲಿ ಬಂದ ಹಳೇ ತುಂಡು, ವಾಸನೆಯಿತ್ತು, ತನಗೇ ರುಚಿಸಿರಲಿಲ್ಲ, ಆದರೂ ಬಡಿಸಿದ್ದಳು.

ಅಧ್ಯಕ್ಷರು ಕನ್ನಡಕ ತೆಗೆದರು. "ಅಲ್ಲ ತೊಮೊಯೆ-ಸಾನ್, ಮುಳ್ಳು ಗಂಟಲಿಗೆ ಸಿಕ್ಕಿದ್ರೆ? ಕೋಳೀಲಿ ಆ ಕಾಟ ಇಲ್ಲ. ಪ್ರೋಟೀನೂ ಜಾಸ್ತಿ ಅಂತ ಇಲ್ಲೇ ಬರ್ದಿದೆ."

"ಜಾಸ್ತಿ ಹೌದು ಸ್ವಾಮಿ. ವಾರಕ್ಕೆರಡು ದಿನ ಕೋಳಿ ಮಾಡ್ತೀನಲ್ಲ, ಪ್ರೋಟೀನಿಗೆ ಬರ ಬಂದಿಲ್ಲ ನಮ್ಮ ಮಕ್ಕಳಿಗೆ. ಬೂತಾಯಿ ಕೊಡೋ ಮಿಕ್ಕದ್ದನ್ನ ಎಲ್ಲಿಂದ ತರಲಿ? ಇನ್ನು ಮುಳ್ಳು. ಸಣ್ಣ ಮಕ್ಕಳಿಗೆ ಇನ್ಮೇಲೆ ಹುಳಿ ಉಪ್ಪಿನಕಾಯಿ ಹಾಕಿ ಕುಕ್ಕರಲ್ಲಿ ಬೇಯಿಸ್ತೀನಿ, ಮುಳ್ಳು ಮೆತ್ತಗಾಗಿ ಅನ್ನದ ಜೊತೆ ಹೋಗುತ್ತೆ. ಸುಣ್ಣದಂಶ ಇರೋದೇ ಅದ್ರಲ್ಲಿ. ದೊಡ್ಡವಕ್ಕೆ ಬಿಡಿಸೋದು ಗೊತ್ತು. ಡಬ್ಬಿ ನೋಡಿ, ನಿಮ್ಮ ಮೊಮ್ಮಗಳು ಬಿಡಿಸಿದ್ದೂ ಅದ್ರಲ್ಲೇ ಇದೆ."

ಯಾರೋ ನಕ್ಕರು. ಅಧ್ಯಕ್ಷರು ಡಬ್ಬಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ತೀರ್ಮಾನ ಪೂರ್ತಿ ಗೆಲುವೇನಲ್ಲ. ಬುಧವಾರದ ಮೀನು ಜುಲೈ ತನಕ ಉಳಿಯುವುದು, ಮುಳ್ಳನ್ನು ಬೇರೆ ತೂಗುವುದು, ಆಮೇಲೆ ಮತ್ತೆ ನೋಡುವುದು. ಐಸಿನ ಬಂಗುಡೆ ತರಿಸುವುದನ್ನು ನಿಲ್ಲಿಸಿದರು. ಅವಳ ತಪ್ಪಿನ ಬಗ್ಗೆ ನಡಾವಳಿಯ ಪುಸ್ತಕದಲ್ಲಿ ಒಂದು ಸಾಲು ಬರೆದರು. ಅವಳನ್ನು ನಂಬಿ ಒಮ್ಮೆಯೂ ಬಕೆಟ್ ನೋಡದವರ ತಪ್ಪಿಗೆ ಆ ಪುಸ್ತಕದಲ್ಲಿ ಸಾಲಿರಲಿಲ್ಲ.

ಏಪ್ರಿಲ್‌ನ ಮೊದಲ ಬುಧವಾರ ಪ್ರತಿ ತರಗತಿಗೂ ಎರಡೆರಡು ಬಕೆಟ್ ಹೋದವು, ಮುಳ್ಳಿಗೊಂದು, ಮಿಕ್ಕಿದ ಊಟಕ್ಕೊಂದು. ನುಮಾತಾ ಮೇಷ್ಟ್ರು ಬಿಳಿ ಅಂಗಿ, ಟೋಪಿ ತೊಟ್ಟು, ಗೆರೆ ದಾಟಿ ಒಳಬಂದು ತೂಕದ ಯಂತ್ರದ ಪಕ್ಕ ನಿಂತಿದ್ದರು. ಮುಳ್ಳಿನ ಬಕೆಟ್‌ಗಳನ್ನು ಫುಕಿ ಮೊದಲೇ ತನ್ನ ಕಡೆ ಎಳೆದುಕೊಂಡಳು.

"ಇದು ನಂಗಿರ್ಲಿ. ಮನೇಲಿ ನಾಲ್ಕು ಕೋಳಿ ಇದಾವೆ. ಹುರಿದು ಕುಟ್ಟಿ ಹಾಕಿದ್ರೆ ಮೊಟ್ಟೆ ಚಿಪ್ಪು ಕಲ್ಲಾಗುತ್ತೆ. ಅವಕ್ಕೆ ಯಾವ ಸಮಿತೀನೂ ಬೇಡ, ಯಾವುದು ಒಳ್ಳೇದು ಅಂತ ಗೊತ್ತು."

"ತೂಗಿ ತಗೊಂಡು ಹೋಗು" ಎಂದಳು ತೊಮೊಯೆ.

ಮಿಕ್ಕಿದ ಊಟದ ಬಕೆಟ್‌ಗಳನ್ನು ಫುಕಿ ಒಂದೊಂದಾಗಿ ನೋಡುತ್ತಾ ಒಂದಕ್ಕೇ ಬಗ್ಗಿಸಿ ಯಂತ್ರದ ಮೇಲಿಟ್ಟಳು. ಯಂತ್ರದ ಮುಳ್ಳು ನಿಧಾನಕ್ಕೆ ಏರಿ ನಿಂತಿತು. ಮೇಷ್ಟ್ರು ಬಗ್ಗಿ ಓದಿದರು: "ಏಳ್ನೂರ ಐವತ್ತು ಗ್ರಾಂ."

ಬರೆಯುವ ಮುಂಚೆ ತೊಮೊಯೆ ಬಕೆಟ್‌ನೊಳಗೆ ಇಣುಕಿದಳು. ಅನ್ನದ ಅಗುಳು, ಒಂದಿಷ್ಟು ಕೋಸು, ಎರಡು ಅರ್ಧ ಬೂತಾಯಿ. ಕೈಹಾಕಿ ಆ ಅರ್ಧಗಳಲ್ಲೊಂದನ್ನು ಎತ್ತಿ ಮೂಸಿದಳು. ತಾಜಾ ಇತ್ತು. ಹಾಗಾದರೆ ಈ ಮಗುವಿಗೆ ಸೇರಲಿಲ್ಲ, ಅಷ್ಟೇ. ಯಾವ ತರಗತಿಯದೆಂದು ಫುಕಿಯನ್ನು ಕೇಳಿ, ತೂಕದ ಪಕ್ಕದಲ್ಲಿ ಅದನ್ನೂ ಬರೆದಳು.